ತೂಕ ನಿಲ್ಲುವ ತನಕ

ಮೂರು ದಿನ ಬಿಸಿಲಲ್ಲಿ ಬಿಟ್ಟೆಯಲ್ಲ, ಓಬ್ರಾದ್,
ಬಿದ್ದ ಸಂಜೆಯೇ ತರಬಾರದಿತ್ತೆ?
ನೋಡು, ತುದಿಯಲ್ಲಿ ಆಗಲೇ ಕೂದಲೆಳೆಯ ಬಿರುಕು,
ನಡುತಿರುಳಿಂದ ಹೊರಟು ತೊಗಟೆಯತ್ತ
ಕಾಗೆಕಾಲಿನ ಹಾಗೆ.
ಲಿಂಡನ್ ತಾಳೀತು, ಪಾಪ್ಲರ್ ತಾಳೀತು,
ಪ್ಲಮ್ ಮರಕ್ಕೆ ಮೂಗಿನ ತುದಿಯಲ್ಲೇ ಕೋಪ.

ಇಳಿಸು. ಅಯ್ಯೋ, ಕಿಟಕಿ ಬಳಿ ಬೇಡ,
ರುಡ್ನಿಕ್ ಬೆಟ್ಟದ ಗಾಳಿ ಅಲ್ಲಿ ನೇರ ನುಗ್ಗುತ್ತದೆ.
ನೆಲಮಾಳಿಗೆಯ ಬಾಗಿಲ ಹಿಂದೆ, ಆಲೂಗಡ್ಡೆಯ ಪಕ್ಕ.
ತುದಿಯನ್ನು ನಾಲ್ಕು ಬೆರಳು ಕೊಯ್ಯುತ್ತೇನೆ,
ಬಿರುಕು ಸಾಯದಿದ್ದರೆ ಇನ್ನೆರಡು.
ಹಾಗೆ ನೋಡಬೇಡ. ಹೋಗುವುದು ಹೋಗಲೇಬೇಕು.

ಒಲೆಯ ಮೇಲೆ ಮೇಣ ಇಟ್ಟಿದ್ದೇನೆ.
ಚರ್ಚಿನಲ್ಲಿ ಉರಿದುಳಿದ ಮೋಂಬತ್ತಿಯ ಮೋಟುಗಳು,
ಪಾದ್ರಿಯ ಹೆಂಡತಿ ಡಬ್ಬಿ ತುಂಬಿ ಕೊಡುತ್ತಾಳೆ.
ಬದುಕಿದವರಿಗೆ ಹಚ್ಚಿದವು ಮೇಲಿನ ಸಾಲಿನವು,
ಸತ್ತವರವು ಕೆಳಗಿನ ಮರಳಿನವು,
ಕರಗಿದ ಮೇಲೆ ಯಾರು ಹೇಳಬಲ್ಲರು.
ನೀರು ಹೊರಡುವುದು ಏರಿ ಬಂದ ದಾರಿಯಲ್ಲೇ,
ಕೊಯ್ದ ಬಾಯಿಗಳಿಂದ, ಗುಟುಕು ಗುಟುಕಾಗಿ ಅಲ್ಲ, ಓಡಿ.
ಆ ಬಾಯಿಗಳಿಗೆ ದಪ್ಪಗೆ ಬಳಿಯಬೇಕು.
ಹೋಗಬೇಡ ಅನ್ನುವುದಕ್ಕಲ್ಲ,
ನಿಧಾನ ಹೋಗು ಅನ್ನುವುದಕ್ಕೆ.

ನಲವತ್ತನೇ ದಿನಕ್ಕೆ ಬೇಕು ಅಂದೆ.
ಸ್ಟಾಮೆನಾಳ ಹೆಸರಲ್ಲಿ ಬೇಯಿಸಿದ ಗೋಧಿ ಇಡಲು
ಅವಳೇ ನೆಟ್ಟ ಮರದ ಬಟ್ಟಲು.
ಅವಳನ್ನು ಮಣ್ಣು ಮಾಡಿ ಬಂದ ವಾರವೇ ಬಿರುಗಾಳಿ,
ಮರ ಬೇಲಿಯ ಮೇಲೆ.
ಇವತ್ತಿಗೆ ಹನ್ನೊಂದು. ಉಳಿದದ್ದು ಇಪ್ಪತ್ತೊಂಬತ್ತು.
ಲೆಕ್ಕ ನನಗೂ ಬರುತ್ತದೆ, ಓಬ್ರಾದ್,
ಮರಕ್ಕೆ ಬರುವುದಿಲ್ಲ.

ಹಸಿಯಿರುವಾಗಲೇ ಲೇಥಿಗೆ ಏರಿಸಬೇಕು, ಅದು ನಿಜ.
ಮುಖಕ್ಕೆ ರಸ ಸಿಡಿಯುತ್ತದೆ,
ಕೊಟ್ಟಿಗೆಯೆಲ್ಲ ಹೊಸ ರಾಕಿಯಾದ ಹುಳಿ ವಾಸನೆ.
ಬಾಯಿ ಇಪ್ಪತ್ತು ಬೆರಳಾದರೆ ಗೋಡೆ ಎರಡು ಬೆರಳು,
ಅಂಚಿಗೂ ತಳಕ್ಕೂ ಒಂದೇ ದಪ್ಪ.
ಅಂಚು ತೆಳುವಾದರೆ ಬೇಗ ಒಣಗಿ ಕುಗ್ಗುತ್ತದೆ,
ತಳ ಇನ್ನೂ ಹಸಿ, ಕುಗ್ಗಲೊಲ್ಲದು,
ಆ ಜಗ್ಗಾಟದಲ್ಲಿ ಬಟ್ಟಲು ಎರಡು.
ನಡುವೆ ಊಟಕ್ಕೆ ಎದ್ದರೂ ಒದ್ದೆ ಬಟ್ಟೆ ಹೊದಿಸಿ ಏಳಬೇಕು.

ಆಮೇಲೆ ಹಿಟ್ಟಿನ ಕಾಗದದ ಚೀಲ.
ತನ್ನದೇ ಹಸಿ ಹೊಟ್ಟಿನಲ್ಲಿ ಹೂತು
ಬಾಯಿ ಮಡಚಿ, ಆಲೂಗಡ್ಡೆಯ ಪಕ್ಕವೇ ಇಡುತ್ತೇನೆ.
ಭಾನುವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿ,
ಚೀಲದ ಮೇಲೆ ಪೆನ್ಸಿಲಿನ ಅಂಕಿ:
ಸಾವಿರದ ಮುನ್ನೂರ ಹತ್ತು ಗ್ರಾಂ,
ಸಾವಿರದ ನೂರ ತೊಂಬತ್ತು,
ಸಾವಿರದ ನೂರ ಇಪ್ಪತ್ತೆರಡು…

ಅವಸರ ನಾನೂ ಮಾಡಿದ್ದೇನೆ.
ಗಂಡ ಹೋದ ವರ್ಷ, ಅವನು ಅರ್ಧ ಕಡೆದಿಟ್ಟ ಪೇರ್ ಮರದ ಬಟ್ಟಲನ್ನು
ಒಲೆಯ ಮೇಲಿನ ಹಲಗೆಗೆ ಏರಿಸಿದೆ, ಬೇಗ ಮುಗಿಯಲಿ ಎಂದು.
ಮುಟ್ಟಿದರೆ ಒಣಗಿದ ಹಾಗೇ ಇತ್ತು, ಬೆಚ್ಚಗೆ.
ನಾಲ್ಕನೇ ರಾತ್ರಿ ಕೋವಿ ಹಾರಿದಂಥ ಸದ್ದು,
ನಾಯಿ ಬೆಳಗಿನವರೆಗೂ ಮಂಚದಡಿಯಿಂದ ಬರಲಿಲ್ಲ.
ಎಸೆದಿಲ್ಲ. ಗುಂಡಿಗಳನ್ನು ಹಾಕಿಟ್ಟಿದ್ದೇನೆ,
ಅಂಗಿಯ ಸಣ್ಣವು ಬಿರುಕಿನಿಂದ ಉದುರುತ್ತಿರುತ್ತವೆ.

ನಲವತ್ತಕ್ಕೆ ನಿನ್ನ ಅಮ್ಮನ ಎನಾಮಲ್ ಬೋಗುಣಿ ತಗೊಂಡು ಹೋಗು,
ಅಂಚು ಕಿತ್ತದ್ದು, ನೀಲಿಯದು. ಅವಳೇನೂ ಅಂದುಕೊಳ್ಳುವುದಿಲ್ಲ.
ಅರ್ಧ ವರ್ಷದ ಪೂಜೆಗೆ ಆದೀತು, ಇಲ್ಲ ವರ್ಷದ್ದಕ್ಕೆ.
ಅಷ್ಟು ಹೊತ್ತಿಗೆ ಅದು ದುಂಡಗಿರುವುದಿಲ್ಲ,
ಮೊಟ್ಟೆಯ ಹಾಗೆ ಒಂದು ಕಡೆ ಒತ್ತಿಕೊಂಡಿರುತ್ತದೆ.
ಎರಡನೇ ಸಲ ಕಡೆಯುವುದು ಅದಕ್ಕೇ.
ಭಾನುವಾರ ಬಾ ಬೇಕಿದ್ದರೆ, ತೂಕ ನೀನೇ ಹಾಕು, ನೀನೇ ಬರೆ.
ಒಂದು ಅಂಕಿಯ ಕೆಳಗೆ ಅದೇ ಅಂಕಿ ಬಂದ ದಿನ ಮಾತಾಡೋಣ.

ಮೇಣ ಕರಗಿತು. ಮೊದಲು ಸೀಳೋಣ, ತಿರುಳಿನ ಗುಂಟ.
ಪೆನ್ಸಿಲಿನಷ್ಟೇ ದಪ್ಪ, ಅದು ಉಳಿದರೆ ಬಟ್ಟಲು ಉಳಿಯದು.
ಆ ಕಡೆ ಹಿಡಿ. ಬೆಣೆ ಇಡುತ್ತೇನೆ.
ಬೆರಳು ತೆಗೆ.

ಹೂಂ.
ಒಳಗೆ ಇಷ್ಟು ನೇರಳೆ ಇರುತ್ತದೆಂದು
ಗೊತ್ತಿರಲಿಲ್ಲ ಅಲ್ಲವೆ ನಿನಗೆ?