ಸ್ಕೇಟು ಮಸೆಯುವ ಕೋಣೆ

ಮೊದಲು ಅಲ್ಲಿ ಸ್ಕೇಟು ಮಸೆಯುತ್ತಿದ್ದರು.
ವ್ಯಾಯಾಮಶಾಲೆಯ ಅಡಿಯಲ್ಲಿ, ಬಾಯ್ಲರಿನ ಪಕ್ಕ.
ಹಾಕಿ ಹುಡುಗರ ಬ್ಲೇಡುಗಳಿಂದ ಉದುರಿದ ಕಬ್ಬಿಣದ ಪುಡಿ
ಸಿಮೆಂಟಿನೊಳಗೆ ಎಷ್ಟು ಇಳಿದಿತ್ತೆಂದರೆ
ಎಪ್ಪತ್ನಾಲ್ಕರ ಮಾರ್ಚಿನಲ್ಲಿ ಮೂರು ಸಲ ಉಜ್ಜಿ ತೊಳೆದರೂ
ಬರಿಗಾಲಲ್ಲಿ ಓಡಾಡಿದವರ ಅಂಗಾಲು
ಸಂಜೆಗೆ ಕಪ್ಪು.

ಡೀನರ ಬಳಿಗೆ ಅರ್ಜಿ ಹೋಗಿ ಬಂದಿತ್ತು, ನಾಲ್ಕು ಸಲ.
'ಹೆಂಗಸರಿಗೇ ಅಂತ ಒಂದು ಕೋಣೆಯೇ?
ಅಡುಗೆಮನೆ ಸಾಲದೆ?' ಅಂದು ನಕ್ಕರಂತೆ.
ನಕ್ಕಿದ್ದು ರೋಸಲಿಂಡ್ ಬೋಡ್ರಿ ಹೇಳಿದ್ದು.
ಕಡತದಲ್ಲಿರುವುದು ಇಷ್ಟೇ: ಸ್ಥಳಾವಕಾಶವಿಲ್ಲ.

ಸ್ಥಳ ಇತ್ತು. ಅದು ಗೊತ್ತಿದ್ದದ್ದು
ರಾತ್ರಿ ಪಾಳಿಯಲ್ಲಿ ಕಸ ಗುಡಿಸುವ ಇರ್ಯಾ ಲಹ್ಟಿನೆನ್‌ಗೆ.
ಗಂಡ ಅದಿರಿನ ಹಡಗಿನಲ್ಲಿ, ಮಾತು ಅರ್ಧ ಫಿನ್ನಿಷ್,
ಸೊಂಟದಲ್ಲಿ ಐವತ್ತೆರಡು ಬೀಗದ ಕೈ.
ಒಂದನ್ನು ಬಿಡಿಸಿ ರೋಸಲಿಂಡಳ ಕೈಗಿಟ್ಟು
'ಕಳೆದುಹೋಯ್ತು ಅಂತ ಬರೆಸ್ತೀನಿ' ಅಂದಳು.
ಶಿಲಾನ್ಯಾಸ ಅಂತ ನಮಗೆ ಆದದ್ದು ಅದೇ.

ಸೋಫಾ ಯಾರೋ ಬೀದಿಗೆಸೆದದ್ದು,
ಹಿಮದ ಮೇಲೆ ಜಾರುಬಂಡಿಯ ಹಾಗೆ ಎಳೆದು ತಂದೆವು.
ಒಂದು ಕಾಲಿಲ್ಲ. ಅದಕ್ಕೆ ಊರೆ ಕೊಟ್ಟದ್ದು
ಕಾಲೇಜಿನ ನಿಯಮಾವಳಿ, ಮೂರು ಸಂಪುಟ.
ಗೋಡೆಯಲ್ಲೊಂದು ಪಟ್ಟಿ: ಹೇಳಿದ್ದನ್ನು ನಂಬುವ ವೈದ್ಯರು. ಇಬ್ಬರು.
ಆಮೇಲೆ ಒಬ್ಬರ ಹೆಸರು ಹೊಡೆದುಹಾಕಿದೆವು.

ಮೇಜಿನ ಮೇಲೆ ದಾಖಲೆ ಪುಸ್ತಕ. ಮೂರು ಕಾಲಂ:
ಹೊತ್ತು, ಕೇಳಿದ್ದು, ಕೊಟ್ಟದ್ದು.

ಏಪ್ರಿಲ್ ಎರಡು. ಅಂಚೆಚೀಟಿ. ಕೊಟ್ಟೆವು.
ಏಪ್ರಿಲ್ ಮೂರು. ಗ್ರಂಥಾಲಯದಿಂದ ಹಾಸ್ಟೆಲಿಗೆ ಜೊತೆ. ಟಾರ್ಚು, ಮತ್ತು ವರ್ನಾ.
ಏಪ್ರಿಲ್ ಒಂಬತ್ತು. 'ಬಾಗಿಲು ತೆರೆದೇ ಇರಲಿ' ಅಂತ
ಪ್ರೊಫೆಸರಿಗೆ ಹೇಳಬಹುದೇ? ಹೇಳಬಹುದು.
ಏಪ್ರಿಲ್ ಹನ್ನೊಂದು. ಇಲಿ. ಬೋನು.

ಜಗಳವೂ ಆಯಿತು, ಅದನ್ನೂ ಬರೆಯಬೇಕು.
'ಹೆಂಗಸರು, ಹೆಂಗಸರು ಅಂತೀರಲ್ಲ, ಯಾವ ಹೆಂಗಸರು?
ಒಜಿಬ್ವೆ ಊರಿಂದ ಬಂದ ನನ್ನ ತಂಗಿ
ಇಲ್ಲಿ ಬಾಗಿಲ ಪಕ್ಕದಲ್ಲೇ ಕೂರುತ್ತಾಳೆ, ನೋಡಿದ್ದೀರಾ?'
ನೋಡಿರಲಿಲ್ಲ ನಾವು.
ರೋಸಲಿಂಡ್ ಎರಡು ವರ್ಷ ಈ ಕಡೆ ತಲೆ ಹಾಕಲಿಲ್ಲ.

ಎಂಬತ್ತೊಂದರಲ್ಲಿ ಅನುದಾನ ನಿಂತಿತು.
ಇರ್ಯಾಳ ಏಲಕ್ಕಿ ಬ್ರೆಡ್ಡು ಮಾರಿ ಫೋನಿನ ಬಿಲ್ಲು ಕಟ್ಟಿದೆವು.
ಎಂಬತ್ತಾರರಲ್ಲಿ ನಮ್ಮ ಬೋರ್ಡು ಕದ್ದರು.
ಹೆಪ್ಪುಗಟ್ಟಿದ ಸರೋವರದ ನಡುವೆ ಬಿದ್ದಿದ್ದನ್ನು
ಮೀನು ಹಿಡಿಯುವ ಮುದುಕನೊಬ್ಬ ಹೊತ್ತು ತಂದ.
ಹೊಸ್ತಿಲಲ್ಲೇ ನಿಂತು, ಟೊಪ್ಪಿ ತೆಗೆದು,
'ನನ್ನ ಮಗಳು ಇಲ್ಲಿಗೆ ಬರ್ತಾಳಾ?' ಅಂದ.
ಪುಸ್ತಕ ನೋಡಿ ಹೇಳಬಹುದಿತ್ತು.
ಕಾಫಿ ಕೊಟ್ಟು ಕಳಿಸಿದೆವು.

ತೊಂಬತ್ತಮೂರರಲ್ಲಿ ಕಿಟಕಿಯಿರುವ ಕೋಣೆ ಸಿಕ್ಕಿತು.
ಹತ್ತೊಂಬತ್ತು ವರ್ಷಕ್ಕೆ ಕಿಟಕಿ!
ಹೊರಗೆ ನೋಡಿದರೆ ಬರೀ ಕಾರು.
ಆದರೂ ಪರದೆ ಹೊಲಿದೆವು, ಹಾಕಲು ಮನಸ್ಸಾಗದೆ ಮಡಿಸಿಟ್ಟೆವು.

ಈಗ ಮೂರನೆಯ ಮಹಡಿಗೆ ಹೋಗಬೇಕಂತೆ,
ಯಾವುದೋ ಕ್ಷೇಮ ವಿಭಾಗದ ಹೊಟ್ಟೆಯೊಳಕ್ಕೆ.
ಲಿಫ್ಟಿನಲ್ಲಿ ಸೋಫಾ ಹಿಡಿಯುವುದಿಲ್ಲ.
ಐವತ್ತು ವರ್ಷದ ವರದಿ ಒಂದೇ ಪುಟದಲ್ಲಿ, ಅಂಕಿಯಲ್ಲಿ ಬೇಕಂತೆ.
ಕನ್ನಡಕ ಏರಿಸಿ ಎಣಿಸುತ್ತಾ ಕೂತಿದ್ದೇನೆ.

ಎಪ್ಪತ್ತಾರು, ನವೆಂಬರ್ ಹದಿನೆಂಟು. ನನ್ನದೇ ಕೈಬರಹ.
ಹೊತ್ತು: ಏಳರಿಂದ ಒಂಬತ್ತೂವರೆ.
ಕೇಳಿದ್ದು: ಏನಿಲ್ಲ.
ಕೊಟ್ಟದ್ದು ಖಾಲಿ. ಅಂಚಿನಲ್ಲಿ, ಸಣ್ಣಗೆ:
ಕೋಟು ಬಿಚ್ಚಲಿಲ್ಲ. ಬಾಯ್ಲರಿನ ಸದ್ದು ಕೇಳುತ್ತಾ ಕೂತಿದ್ದಳು.
ಹೋಗುವಾಗ ಗುಂಡಿ ಹಾಕಿಕೊಂಡಳು,
ಒಂದೊಂದಾಗಿ, ಕೆಳಗಿನಿಂದ ಮೇಲಕ್ಕೆ.

ಮುಖ ನೆನಪಿಲ್ಲ. ಗುಂಡಿಗಳು ಹಸಿರು.
ಇವಳನ್ನು ಯಾವ ಅಂಕಿಗೆ ಸೇರಿಸಲಿ?
ಒಂದು ಅಂತ ಬರೆದೆ. ಅಳಿಸಿದೆ. ಮತ್ತೆ ಬರೆದೆ.

ಪೆಟ್ಟಿಗೆ ಹೊರಲು ಬಂದ ಹುಡುಗ
ಡ್ರಾಯರಿನ ಮೂಲೆಯಿಂದ ಬೀಗದ ಕೈಯೊಂದನ್ನು ಎತ್ತಿ ಹಿಡಿದ:
'ಇದು ಯಾವುದರದ್ದು?'
ಕಳೆದುಹೋದದ್ದು, ಅಂದೆ.
ಇಸಿದುಕೊಂಡು ಜೇಬಿಗೆ ಹಾಕಿಕೊಂಡೆ.