ಸಾಕ್ಷಿ ಪಾಕೀಟು

ಕುಷ್ಟಗಿಯಿಂದ ಕಡಲು ಎಷ್ಟು ದೂರವೋ
ನಮ್ಮ ಶೆಡ್ಡಿನಲ್ಲಿ ಅಳೆದವರಿಲ್ಲ.
ಇಳಕಲ್ ದಾಟಿದರೆ ಲಾರಿ ನಮ್ಮದಲ್ಲ,
ನ್ಹಾವಾ ಶೇವಾ ಮುಟ್ಟಿದರೆ ರೊಟ್ಟಿ ನಮ್ಮದಲ್ಲ.
ಕಾಗದದ ಮೇಲೆ ಮಾತ್ರ ನಾನಿದ್ದೇನೆ:
ಸಹಿ, ಮೊಹರು, ಸೀಲಿನ ಏಳು ಅಂಕಿ.
ಕಂಟೇನರಿನಲ್ಲಿ ಕಾಲುಭಾಗ ನಮ್ಮದು,
ಉಳಿದದ್ದು ಯಾರದೋ ಉಪ್ಪಿನಕಾಯಿ.

ಹನ್ನೆರಡು ಒಲೆ, ಹನ್ನೆರಡು ಹಂಚು.
ಕಳಕವ್ವನ ರೊಟ್ಟಿಗೆ ಅಳತೆಯ ಬಳೆ ಬೇಕಿಲ್ಲ.
ರಾಜಮಾ ಬಡಿದದ್ದು ಯಾವಾಗಲೂ
ಒಂದು ಅಂಚಿಗೆ ಚೂರು ಜಗ್ಗಿರುತ್ತದೆ,
ಯಾರೋ ಕರೆದ ಕಡೆಗೆ ಹೊರಳಿದ ಹಾಗೆ.

ಲೇಬಲ್ ಬರೆಸುವ ದಿನ ಏಜೆಂಟ ಬಂದಿದ್ದ.
'ಏನೇನು ಹಾಕ್ತೀರಿ?'
ಬಿಳಿಜೋಳ, ಎಳ್ಳು, ಉಪ್ಪು, ನೀರು, ಬರೆದೆ.
'ನೀರು ತೆಗೀರಿ ಮೇಡಂ,
ಕೊನೆಗೆ ಉಳಿಯದ್ದನ್ನ ಬರೆಯೋದು ಬ್ಯಾಡ.'
ಎಸರಿನ ನೀರು, ಕೈ ಅದ್ದಿದ ನೀರು,
ನಸುಕಿನ ನಾಲ್ಕಕ್ಕೆ ನಳ ಬಿಟ್ಟಾಗ
ಫಕೀರವ್ವ ಪಾಳಿ ಹಚ್ಚಿ ತುಂಬಿದ ನೀರು
ಒಂದು ಗೆರೆಯಡಿ ಹೋಯಿತು.

'ಎಷ್ಟು ದಿನ ಬಾಳ್ತೈತಿ?'
'ಒಂಬತ್ತು ತಿಂಗಳು' ಅಂದೆ.
ಹಂಚಿನ ಮುಂದಿನವರೆಲ್ಲ ನಕ್ಕರು.
'ಹೌದವಾ, ಆಮ್ಯಾಲೆ ಒಳಗ ಇರೂದಿಲ್ಲ ಅದು!'
ಏಜೆಂಟನ ಕಿವಿ ಕೆಂಪಾಯಿತು.

ಅವನು ಹೇಳಿದ ಒಂದು ಮಾತು ಮಾತ್ರ ನಿದ್ದೆ ಕೆಡಿಸಿತು:
ಹಗಲು ಕಾದ ಕಬ್ಬಿಣದ ಪೆಟ್ಟಿಗೆ
ಕಡಲ ರಾತ್ರಿಯಲ್ಲಿ ತಣಿದು ಬೆವರುತ್ತದಂತೆ,
ಸೂರಿನಿಂದ ಹನಿ ಹನಿ, ಒಳಗೇ ಮಳೆ.
'ಬೆವರವಲ್ದ್ಯಾಕ' ಅಂದಳು ಕಳಕವ್ವ
ಸೆರಗಿನಿಂದ ಕುತ್ತಿಗೆ ಒರೆಸುತ್ತ,
'ನಾವೇನ್ ಇಲ್ಲಿ ಎಸಿಯಾಗ ಕುಂತೀವೇನು?'

ಆದರೂ ಪಾಕೀಟಿಗೊಂದು ಹರಳಿನ ಚೀಲ ಹಾಕಿದೆವು,
ತಿನ್ನಬೇಡಿ ಎಂದು ಮೂರು ಭಾಷೆಯಲ್ಲಿ ಬರೆದದ್ದು.
ಮಿಕ್ಕ ಹದಿನೈದನ್ನು ರಾಜಮಾ ಒಯ್ದು
ಟ್ರಂಕಿನಲ್ಲಿ, ರೇಷನ್ ಕಾರ್ಡಿನ ಪಕ್ಕ,
ತನ್ನ ನಿಕಾಹಿನ ಫೋಟೋದ ಮೇಲೆ ಇಟ್ಟಳು.
ಅಲ್ಲಿಗೂ ತೇವ ಬರುತ್ತದೆ, ಯಾವ ಕಡಲೂ ಇಲ್ಲದೆ.

ಪ್ರತಿ ಕಂತಿನ ಒಂದು ಪಾಕೀಟು ಇಲ್ಲೇ ಉಳಿಯಬೇಕು.
ಏಜೆಂಟನ ಬಾಯಲ್ಲಿ ಸ್ಯಾಂಪಲ್, ನಮ್ಮ ಬಾಯಲ್ಲಿ ಸಾಕ್ಷಿ.
ಮೊಳೆ ಹೊಡೆದ ಹಲಗೆಯ ಮೇಲೆ, ಕಿಟಕಿಗೆ ದೂರ,
ತಾರೀಖು ಹೊತ್ತು ಕೂತಿದೆ.
ಅದರ ಒಡಹುಟ್ಟಿದವು ಕೊಲಂಬೋದಲ್ಲಿ ಹಡಗು ಬದಲಿಸಿ
ಆಫ್ರಿಕಾದ ತುದಿ ಬಳಸಿ ಹೊರಟವು.
ಫೋನಿನಲ್ಲಿ ನೀಲಿ ಚುಕ್ಕೆ ನೋಡುತ್ತೇನೆ,
ಆಮೇಲೆ ಹಲಗೆ ನೋಡುತ್ತೇನೆ.
ಚುಕ್ಕೆ ಜರುಗಿರುತ್ತದೆ. ಪಾಕೀಟು ಜರುಗಿರುವುದಿಲ್ಲ.
ಎರಡಕ್ಕೂ ಒಂದೊಂದೇ ದಿನ ವಯಸ್ಸಾಗಿರುತ್ತದೆ.

ಐವತ್ತೆರಡನೆಯ ದಿನ ಫೆಲಿಕ್ಸ್‌ಸ್ಟೋದಿಂದ ಪತ್ರ:
ಆರುನೂರು ಡಬ್ಬಿಯಲ್ಲಿ ಹನ್ನೊಂದು ಪುಡಿ,
ಫೋಟೋ ಲಗತ್ತಿಸಿದೆ, ಹಣ ಹಿಡಿಯುತ್ತೇವೆ.
ಬಿಳಿ ಮೇಜಿನ ಮೇಲೆ ನಮ್ಮ ಚೂರುಗಳು.
ರಾಜಮಾ ಬಗ್ಗಿ ದಿಟ್ಟಿಸಿದಳು:
'ಈ ಅಂಚು ನಂದ.'
ಫಕೀರವ್ವ ಎಲ್ಲ ಕೇಳಿಸಿಕೊಂಡು,
'ಮಜ್ಜಿಗ್ಯಾಗ ನೆನಸಿ, ಉಳ್ಳಾಗಡ್ಡಿ ಹೆಚ್ಚಿ ಹಾಕ್ಕೊಂಡು
ತಿನ್ನಂತ ಬರಿಯವ್ವಾ.
ಮುರದದ್ದು ಕೆಟ್ಟದ್ದೇನಲ್ಲ' ಅಂದಳು.

ಬರೆದೆ. ಅಳಿಸಿದೆ.
ಕಡಿತಕ್ಕೆ ಒಪ್ಪಿಗೆ ಇದೆ ಎಂದು ಬರೆದೆ.
ಕಳಿಸುವ ಮುನ್ನ ಮಜ್ಜಿಗೆಯ ಸಾಲನ್ನು ಮತ್ತೆ ಸೇರಿಸಿದೆ,
ಸಹಿಯ ಕೆಳಗೆ, ಸಣ್ಣ ಅಕ್ಷರದಲ್ಲಿ.

ನಿಯಮದಂತೆ ಸಾಕ್ಷಿ ಇನ್ನೂ ಏಳು ತಿಂಗಳು ಇರಬೇಕಿತ್ತು.
ಆ ಸಂಜೆಯೇ ಒಡೆದೆವು.
ಹತ್ತಕ್ಕೆ ಹತ್ತೂ ಇಡಿ, ಒಂದೂ ಬಿರುಕಿಲ್ಲ.
ಬೆರಳಲ್ಲಿ ತಟ್ಟಿದರೆ ಹಲಗೆಯ ಸದ್ದು.
ಕಳಕವ್ವ ಮೂಗು ಮುರಿದಳು:
'ಇದೆಂಥಾ ಸಾಕ್ಷಿ?
ಇದೇನೂ ಕಂಡೇ ಇಲ್ಲಲ್ಲ.'

ಗುರೆಳ್ಳು ಪುಡಿ ಹಚ್ಚಿಕೊಂಡು ತಿಂದೆವು,
ಮೇಲೆ ತಂಬಿಗೆ ನೀರು.
ಹಲಗೆಯ ಮೇಲೆ ಧೂಳು ಕೂರದ
ಒಂದು ಚೌಕ ಉಳಿದಿತ್ತು.