ಕಿವಿಯ ಜಾಗದಲ್ಲಿ ಉಣ್ಣೆ

ಹಿಸೋರ್ ಬಯಲಿನಲ್ಲಿ ಹಿಮ ಕರಗಿ ಕೆಸರಾಗುವ ಮೊದಲು
ನನ್ನ ಹೊಲಿಗೆ ಯಂತ್ರಕ್ಕೆ ಬಿಡುವಿಲ್ಲ.
ಮದುವೆಯ ಅಂಗಿಗಳನ್ನು ಪಕ್ಕಕ್ಕೆ ಸರಿಸಿ
ಟ್ಯಾಂಕ್ ಓಡಿಸುತ್ತಿದ್ದವರ ಹಳೆಯ ಟೊಪ್ಪಿಗೆಗಳ ರಿಪೇರಿಗೆ ಕೂರುತ್ತೇನೆ.
ಕಪ್ಪು ಕ್ಯಾನ್ವಾಸು, ನೆತ್ತಿಯುದ್ದಕ್ಕೂ ದಪ್ಪ ಪಟ್ಟಿಗಳು
ಉತ್ತ ಹೊಲದ ಸಾಲಿನ ಹಾಗೆ,
ಒಳಗೆ ರಷ್ಯನ್ ಅಕ್ಷರ, ಒಂದು ನಂಬರು, ಯಾರದೋ ಬೆವರು.

ಉಕ್ಕಿನ ಗೋಡೆಗೆ ತಲೆ ಬಡಿಯದಿರಲೆಂದು ಮಾಡಿದ್ದು.
ಆ ದೇಶ ಹೋಯಿತು, ಟ್ಯಾಂಕುಗಳು ಗುಜರಿಗೆ ಹೋದವು,
ಟೊಪ್ಪಿಗೆ ಉಳಿಯಿತು; ಈಗ
ಬುಜ್ಕಶಿ ಆಡುವವರ ತಲೆಯ ಮೇಲೆ.

ಬುಜ್ಕಶಿ ನೋಡದವರಿಗೆ ಇಷ್ಟು ಹೇಳಬಹುದು:
ತಲೆ ಕಡಿದ ಒಂದು ಮೇಕೆ,
ಅದಕ್ಕಾಗಿ ತಲೆಯಿರುವ ಇನ್ನೂರು ಗಂಡಸರು.
ಗೆದ್ದವನಿಗೆ ಜಮಖಾನೆ, ಫ್ರಿಜ್ಜು, ಒಮ್ಮೊಮ್ಮೆ ಒಂಟೆ.

ನನ್ನಣ್ಣ ಸಫರ್‌ಮುರೋದ್ ಒಂಟೆ ಗೆದ್ದವನು.
ಮರುವರ್ಷ ಅವನ ಟೊಪ್ಪಿಗೆಗೆ ತೇಪೆ ಹಾಕಿದ್ದೂ ನಾನೇ.
ಗದ್ದದ ಪಟ್ಟಿಯ ಬಕಲು ಮುರಿದಿತ್ತು.
"ಬಕಲೇನು ತಲೆ ಹೋಗುವ ವಿಷಯವೆ?" ಎಂದ.
ನಾನೂ ನಕ್ಕೆ. ದಾರವನ್ನು ಹಲ್ಲಿನಲ್ಲಿ ಕಡಿದೆ.

ಮೂರನೆಯ ಸುತ್ತಿನಲ್ಲಿ ಮೊದಲು ಟೊಪ್ಪಿಗೆ ಬಿತ್ತು,
ಅದರ ಹಿಂದೆ ಅವನು.
ತಲೆಗೆ ಬಂದದ್ದು ರುಮಾಲಿಗೆ ಹೋಯಿತು ಎನ್ನುತ್ತಾರಲ್ಲ,
ಹೋಗುವುದಕ್ಕೆ ರುಮಾಲು ಅಲ್ಲಿರಬೇಕು.

ರಕ್ತ ಬರಲಿಲ್ಲ. ಎದ್ದು ಕೂತ, ಚಹಾ ಕುಡಿದ,
ಏನಾಗಿಲ್ಲ ಎಂದು ಮತ್ತೆ ಕುದುರೆ ಹತ್ತಿದ.
ಮೈದಾನವೆಲ್ಲ ಚಪ್ಪಾಳೆ, ಗುಡ್ಡದ ಮೇಲೆ ಹೆಂಗಸರ ನಡುವೆ ನನ್ನದೂ.
ಸಂಜೆ ವಾಂತಿ. ರಾತ್ರಿ ಒಂದು ಕಣ್ಣಿನ ಪಾಪೆ
ಇನ್ನೊಂದಕ್ಕಿಂತ ದೊಡ್ಡದು.
ದುಶಾಂಬೆಯ ದಾರಿಯುದ್ದಕ್ಕೂ ನನ್ನ ಮಡಿಲಲ್ಲಿ ಅವನ ತಲೆ,
ಮಾಗಿದ ಕರಬೂಜದಷ್ಟು ತೂಕ.
ಅಷ್ಟೇ ತೂಕ.

ಬದುಕಿದ್ದಾನೆ.
ಕಾಶ್ಕಾ ಎಂಬ ಕುದುರೆಗೆ ಹುಲ್ಲು ಹಾಕುತ್ತ ಸಮಂದ್ ಎನ್ನುತ್ತಾನೆ;
ಸಮಂದ್ ಸತ್ತು ಒಂಬತ್ತು ವರ್ಷ.
ಕಾಶ್ಕಾ ಎರಡೂ ಹೆಸರಿಗೆ ಕಿವಿ ನಿಮಿರಿಸುತ್ತದೆ.
ನೀರು ಎಂಬ ಮಾತು ಸಿಗದೆ ಬೊಗಸೆ ಹಿಡಿಯುತ್ತಾನೆ.
ಅತ್ತಿಗೆ ಜರ್ರಿನಾ ಅವನ ಮಕ್ಕಳನ್ನು ಅವನಿಗೆ ಪರಿಚಯ ಮಾಡಿಸುತ್ತಾಳೆ
ಬೇಸರವಿಲ್ಲದೆ. ಕೆಲವು ದಿನ ಬೇಸರದಿಂದ.

ಆಸ್ಪತ್ರೆಯ ವೈದ್ಯೆ ಅಂದಿದ್ದಳು, ಬಟ್ಟೆ ಸಾಲದು,
ಗಟ್ಟಿ ಚಿಪ್ಪಿನ ಹೆಲ್ಮೆಟ್ಟೇ ಬೇಕು.
ಅದರ ಬೆಲೆ ಎರಡು ಕುರಿ. ಕೇಳಿದರೆ ನಗುತ್ತಾರೆ,
ಜೀನಿಗೆ ನಾಲ್ಕು ಕುರಿ ಕೊಟ್ಟವರು.

ನಿನ್ನೆ ಫಯ್ಜಾಲಿ ಬಂದ. ಹತ್ತೊಂಬತ್ತು; ಮೀಸೆಗೆ ಇನ್ನೂ ಮನಸ್ಸಾಗಿಲ್ಲ.
"ಅಕ್ಕಾ, ಪಟ್ಟಿ ಬೇಡ. ಬಿಗಿದರೆ ಕಿವಿ ಮುಚ್ಚುತ್ತದೆ,
ಈ ಸುತ್ತಿಗೆ ಏನು ಬಹುಮಾನ ಅಂತ ಕೂಗುವುದೇ ಕೇಳಿಸುವುದಿಲ್ಲ."

ಟೊಪ್ಪಿಗೆಯ ಕಿವಿಗಳಲ್ಲಿ ಎರಡು ಗುಂಡನೆ ಜೇಬು.
ಅಲ್ಲಿ ರೇಡಿಯೋ ಇತ್ತಂತೆ, ಅಪ್ಪಣೆ ಬರುತ್ತಿತ್ತಂತೆ:
ಮುಂದೆ. ಎಡಕ್ಕೆ. ಸುಡು.
ಈಗ ಖಾಲಿ. ನಾನು ಅದರೊಳಗೆ ಉಣ್ಣೆ ತುರುಕುತ್ತೇನೆ,
ನಮ್ಮ ಕುರಿಯದೇ, ಮೂರು ಸಲ ತೊಳೆದದ್ದು.

ಬುದ್ಧಿ ಹೇಳಲಿಲ್ಲ.
ಅದನ್ನು ಹತ್ತೊಂಬತ್ತರ ತಲೆಗೆ ಹೊಲಿಯುವ ಸೂಜಿ ನನ್ನಲ್ಲಿಲ್ಲ.
ಹಿತ್ತಲಿಗೆ ಕೂಗಿದೆ: ಅಣ್ಣಾ, ಇವನ ಅಳತೆ ನೋಡು ಬಾ.

ಬಂದ. ಹುಲ್ಲಿನ ಕೈ ಒರೆಸಿಕೊಂಡ.
ಟೊಪ್ಪಿಗೆಯನ್ನು ಹುಡುಗನ ಹುಬ್ಬಿನ ತನಕ ಎಳೆದ,
ಪಟ್ಟಿ ತಂದ, ಹೊಸ ಬಕಲು ಹಾಕಿದ,
ಗದ್ದದ ಕೆಳಗೆ ಎರಡು ಬೆರಳು ತೂರಿಸಿ ಬಿಗಿ ನೋಡಿದ.
ಬೆರಳಿಗೆ ಎಲ್ಲ ನೆನಪಿತ್ತು.
ಆಮೇಲೆ ಹುಡುಗನ ಕುತ್ತಿಗೆ ತಟ್ಟಿ, ಮೆಲ್ಲಗೆ,
"ಸಮಂದ್" ಎಂದ.

ಫಯ್ಜಾಲಿ ನಗಲಿಲ್ಲ. ಕೇಳಿಸಿತೋ ಇಲ್ಲವೋ, ಉಣ್ಣೆಯಿತ್ತು.
ಹಣ ಎಣಿಸಿ ಕೊಟ್ಟು ಹೊರಟ.
ಓಣಿಯ ತಿರುವಿನ ತನಕ ಪಟ್ಟಿ ಗದ್ದದಲ್ಲೇ ಇತ್ತು.
ಅದರಾಚೆಗಿನದು ನನ್ನ ಕಿಟಕಿಗೆ ಕಾಣುವುದಿಲ್ಲ.